ನಾಲಗೆ ಇಲ್ಲದ ಚಿಪ್ಪು

ಕ್ಯಾಪ್ಟನ್ ಸೂಪಿನ ಬಟ್ಟಲ ಮೇಲೆಯೇ ಕುಸಿದು ಸತ್ತಿದ್ದ. ತುಟಿ ಊದಿತ್ತು. ಮುಖ ನೀಲಿಗಟ್ಟಿತ್ತು. ಗಂಟಲಿನ ಮೇಲೊಂದು ಹಳೆಯ ಗಾಯದ ಗುರುತು.

ಎದುರಿನ ಕುರ್ಚಿಯಲ್ಲಿ ಬಾಮೈದ ತಲೆ ಹಿಡಿದುಕೊಂಡು ಕೂತಿದ್ದ. ಭಾವನ ಹಡಗಿನಲ್ಲೇ ಕಾಂಪೌಂಡರ್ ಆಗಿದ್ದವನು.

“ಏನು ತಿಂದ್ರು?” ಇನ್ಸ್‌ಪೆಕ್ಟರ್ ಕೇಳಿದಳು.

“ಕಪ್ಪೆಚಿಪ್ಪಿನ ಸೂಪ್, ಮೇಡಂ. ಹಳಸಿತ್ತೋ ಏನೋ.”

“ನೀವು ಕುಡೀಲಿಲ್ವಾ?”

“ಕುಡಿದೆ. ಒಬ್ಬೊಬ್ಬರ ದೇಹ ಒಂದೊಂದು ಥರ.”

ಅಡುಗೆಯಮ್ಮ ಬಾಗಿಲ ಹಿಂದಿನಿಂದ ಸಿಡಿದಳು. “ಹಳಸಿತ್ತಂತೆ! ಬೆಳಿಗ್ಗೆ ತಂದಿದ್ದು, ನನ್ನ ಮಕ್ಕಳಾಣೆ! ಒಂದೊಂದೂ ಬಿಗಿಯಾಗಿ ಬಾಯಿ ಮುಚ್ಕೊಂಡಿತ್ತು. ಸತ್ತಿದ್ರೆ ಬಾಯಿ ಬಿಡ್ತಿತ್ತು. ಸಾಹೇಬ್ರು ವಾರ ವಾರ ತಿಂತಿದ್ರು. ಅವರಿಗೆ ಆಗದೇ ಇದ್ದಿದ್ದು ದೂಳು ಒಂದೇ.”

“ಚಿಪ್ಪು ಬಿಡಿಸಿದ್ದು ಯಾರು?”

“ಇವ್ರೇ. ನನ್ನನ್ನ ಬ್ರೆಡ್ ತರೋಕೆ ಕಳಿಸಿ, ನಾನು ಬರೋಷ್ಟರಲ್ಲಿ ಹೆಚ್ಚಿಟ್ಟಿದ್ರು.”

“ಉಪಕಾರ ಮಾಡಿದ್ದೂ ತಪ್ಪಾಯ್ತಾ?” ಬಾಮೈದ ನಿಟ್ಟುಸಿರಿಟ್ಟ.

ಅಂದು ಸಂಜೆಯೊಳಗೆ ಬೀದಿಯವರೆಲ್ಲ ಅಡುಗೆಯಮ್ಮನ ಕಡೆ ಬೆರಳು ತೋರಿಸಿದ್ದರು.

*

ಲ್ಯಾಬಿನಲ್ಲಿ ತಜ್ಞೆ ಸೂಕ್ಷ್ಮದರ್ಶಕದಿಂದ ತಲೆ ಎತ್ತಿದಳು.

“ಇದು ಕಪ್ಪೆಚಿಪ್ಪಲ್ಲ.”

“ಮತ್ತೆ?”

“ಸೂಪಿನಲ್ಲಿ ನಾಲಗೆ ಸಿಕ್ತು. ಕಪ್ಪೆಚಿಪ್ಪಿಗೆ ತಲೆಯೂ ಇಲ್ಲ, ನಾಲಗೆಯೂ ಇಲ್ಲ. ಸಮುದ್ರದ ನೀರು ಸೋಸಿ ಹೊಟ್ಟೆ ಹೊರೆಯುತ್ತೆ. ಇದು ನೆಲದ ಮೇಲೆ ಎಲೆ ಕೆರೆದು ತಿನ್ನೋ ಪ್ರಾಣಿ. ಅರದಂಥ ನಾಲಗೆ, ಅದರ ತುಂಬ ಹಲ್ಲು.”

“ಬಸವನಹುಳು?”

“ಹೌದು. ಮನೆ ದೂಳಲ್ಲಿರೋ ನುಸಿ ಆಗದವರಲ್ಲಿ ಕೆಲವರಿಗೆ ಬಸವನಹುಳು ತಿಂದ್ರೆ ಉಸಿರೇ ಕಟ್ಟುತ್ತೆ. ಅಂಥವರಲ್ಲಿ ಎಷ್ಟೋ ಜನ ಕಪ್ಪೆಚಿಪ್ಪು ಆರಾಮಾಗಿ ತಿಂತಾರೆ.”

ಇನ್ಸ್‌ಪೆಕ್ಟರ್ ಕ್ಯಾಪ್ಟನ್ನನ ಹಿತ್ತಿಲು ಅಗೆಸಿದಳು. ಗುಲಾಬಿ ಗಿಡದ ಬುಡದಲ್ಲಿ ಕಪ್ಪೆಚಿಪ್ಪುಗಳು ಸಿಕ್ಕವು. ಒಳಗೆ ಮಾಂಸ ಹಾಗೇ ಕೊಳೆಯುತ್ತಿತ್ತು. ಆಮೇಲೆ ಹಳೆಯ ಹಡಗಿನ ಅಡುಗೆಭಟ್ಟನಿಗೆ ಫೋನ್ ಮಾಡಿದಳು.

*

“ನಿಮ್ಮ ಭಾವನ ಗಂಟಲಿನ ಗಾಯ?” ಠಾಣೆಯಲ್ಲಿ ಕೇಳಿದಳು.

“ಮೀನಿನ ಮುಳ್ಳು ಸಿಕ್ಕಿತ್ತು.”

“ಕ್ಯಾಪ್ಟನ್ ಎಲ್ಲರಿಗೂ ಹಾಗೇ ಹೇಳ್ತಿದ್ದ. ಹಡಗಿನ ಭಟ್ಟ ಬೇರೆ ಹೇಳ್ತಾನೆ. ಒಂದು ಬಂದರಿನಲ್ಲಿ ಕ್ಯಾಪ್ಟನ್ ಬಸವನಹುಳು ತಿಂದು ಉಸಿರುಕಟ್ಟಿ ಬಿದ್ದ. ನೀವು ಗಂಟಲು ಕೊಯ್ದು ಕೊಳವೆ ಇಟ್ಟು ಬದುಕಿಸಿದ್ರಿ. ಭಟ್ಟ ಈ ಮನೆಗೆ ಕಾಲಿಟ್ಟವನಲ್ಲ. ಅಡುಗೆಯಮ್ಮನಿಗೆ ವಿಷಯವೇ ಗೊತ್ತಿಲ್ಲ. ಚಿಪ್ಪು ಬಿಡಿಸ್ತೀನಿ ಅಂದೋರು, ಅವಳನ್ನ ಹೊರಗೆ ಕಳಿಸಿದೋರು ನೀವು. ಬಿಡಿಸದ ಚಿಪ್ಪು ಹಿತ್ತಿಲಲ್ಲಿದೆ.”

ಬಾಮೈದ ತಲೆ ಎತ್ತಿದ. ಅವನ ಕಣ್ಣಲ್ಲಿ ಭಯ ಇರಲಿಲ್ಲ.

“ನಮ್ಮಕ್ಕ ಎದೆನೋವು ಅಂತ ಒದ್ದಾಡಿದಳಂತೆ. ಭಾವ ನಾಟಕ ಅಂತ ರೂಮಿಗೆ ದೂಡಿ ಬೀಗ ಹಾಕಿದ. ಬಾಗಿಲು ಬಡೀತಾನೇ ಇದ್ದಳಂತೆ. ಇವನು ಹೊರಗೆ ಕೂತು ಊಟ ಮುಗಿಸಿದ. ಹೋದ ತಿಂಗಳು ಕುಡಿದು ನಗ್ತಾ ತಾನೇ ಹೇಳ್ದ. ಇವನನ್ನ ಬದುಕಿಸಿದ್ದು ನಾನೇ ಅಲ್ವಾ, ಮೇಡಂ? ಅವತ್ತು ಕೈ ಕಟ್ಕೊಂಡು ನಿಂತಿದ್ರೆ ಅಕ್ಕ ಇರ್ತಿದ್ದಳು.”

“ಪೊಲೀಸರ ಹತ್ರ ಬರಬಹುದಿತ್ತು.”

“ಏನು ಹಿಡ್ಕೊಂಡು? ಕುಡುಕನ ಮಾತು ಹಿಡ್ಕೊಂಡಾ?”

“ಉಸಿರು ಕಟ್ಟಿದಾಗ ಕ್ಯಾಪ್ಟನ್ ಸಹಾಯ ಕೇಳಲಿಲ್ವಾ?”

“ಮಾತು ಹೊರಡಲಿಲ್ಲ. ಮೇಜು ಬಡಿದ. ನನ್ನ ತೋಳು ಹಿಡ್ಕೊಂಡ. ಬಿಡಿಸ್ಕೊಂಡೆ.” ಅವನ ದನಿ ಒಂದಿಷ್ಟೂ ನಡುಗಲಿಲ್ಲ. “‘ನಾಟಕ ಸಾಕು ಭಾವ’ ಅಂದು, ನನ್ನ ಬಟ್ಟಲು ಖಾಲಿ ಮಾಡಿದೆ.”