ಗ್ಲಾಸಿನ ತಳದ ಮಸುಕು

ಹಳೆಯ ಗ್ಲಾಸು ಕೊಂಡು ಮಾರುವುದು ನನ್ನ ಕಸುಬು. ತಳದ ಗುರುತು ನೋಡಿ ಯಾವ ಕಾರ್ಖಾನೆಯ ಮಾಲು ಎಂದು ಹೇಳಿಬಿಡುತ್ತೇನೆ. ಗುರುತು ಸವೆದಿದ್ದರೆ ಅದರ ಮೇಲೆ ಬಾಯಿಂದ ಹಬೆ ಊದಬೇಕು. ಮಸುಕಿನಲ್ಲಿ ಒಂದು ಗಳಿಗೆ ಎದ್ದು ಕಾಣುತ್ತದೆ.

ಆವತ್ತು ಮಧ್ಯಾಹ್ನ ಒಂದು ಗ್ಲಾಸು ಎಷ್ಟು ಊದಿದರೂ ಮಸುಕಾಗಲಿಲ್ಲ. ಅದನ್ನು ಬೈಯತೊಡಗಿದೆ.

"ನಿಮ್ಮ ಬಾಯಿ ಬಿಸಿಗೆ ಅದು ಒಡೆದುಹೋದೀತು, ಕೊಡಿ ಇಲ್ಲಿ," ಎಂದು ನನ್ನ ಹೆಂಡತಿ ಕಿತ್ತುಕೊಂಡು ಊದಿದಳು. ತಳ ಬೆಳ್ಳಗಾಯಿತು. ನಡುವೆ ನಾನೆಂದೂ ಕಾಣದ ಗುರುತು ಮೂಡಿತು: ತೆರೆದ ಬಾಯಿ.

ಆ ಮಸುಕು ಆರಲೇ ಇಲ್ಲ. ಹಿಗ್ಗಿತು, ಕುಗ್ಗಿತು, ಮತ್ತೆ ಹಿಗ್ಗಿತು. ಅವಳು ನಗುತ್ತಾ ಇನ್ನೊಂದು ಗ್ಲಾಸಿಗೆ ಊದಿದಳು, ಕನ್ನಡಿಗೂ ಊದಿದಳು. ಎರಡೂ ಮಸುಕಾಗಲಿಲ್ಲ. ಅವಳ ಮೂಗಿನ ಕೆಳಗೆ ಬೆರಳಿಟ್ಟೆ. ಗಾಳಿ ಬರುತ್ತಿತ್ತು, ತಣ್ಣಗೆ.

ಸಿಟ್ಟು ನೆತ್ತಿಗೇರಿ ಗ್ಲಾಸನ್ನು ಒಡೆಯಲು ಎತ್ತಿದೆ.

"ಬೇಡ ರೀ, ಎದೆ ಹಿಡ್ಕೊಂಡ್ತು," ಎಂದು ಅವಳು ಕುಸಿದು ಕೂತಳು.

ಕಸುಬಿನವರನ್ನೆಲ್ಲ ವಿಚಾರಿಸಿದೆ. ಆ ಗುರುತನ್ನು ಒಬ್ಬರೂ ಕಂಡಿಲ್ಲ. ಈಗ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೇನೆ. ಅಡುಗೆಮನೆಯಲ್ಲಿ ಅವಳು ಎಂದಿನಂತೆ ನನ್ನನ್ನು ಗೇಲಿ ಮಾಡುತ್ತಿದ್ದಾಳೆ. ಬೆಳಿಗ್ಗೆಯಿಂದ ಮಸುಕು ಅಂಚಿನಿಂದ ಆರುತ್ತಾ ಬರುತ್ತಿದೆ. ನಾನು ಊದುತ್ತಲೇ ಇದ್ದೇನೆ. ನನ್ನ ಉಸಿರು ಅದಕ್ಕೆ ಹತ್ತುತ್ತಿಲ್ಲ.