ಬೋರ್ಡಿನ ಎಂಟು ಅಕ್ಷರ

"ನಿಮ್ಮ ತಾತ ಏನನ್ನ ಎತ್ತಿ ಹಿಡೀತಾರೆ? ಬಸ್ಸನ್ನಾ, ಲಾರಿಯನ್ನಾ?"

ಸೂಜಿಯ ಕ್ಲಾಸಿನ ಹುಡುಗ ಬನ್ನು ಎರಡೂ ಕೈಗಳನ್ನು ತಲೆಯ ಮೇಲೆತ್ತಿ, ಆಕಾಶವೇ ಕಳಚಿ ಬೀಳುತ್ತಿದೆ ಅನ್ನುವ ಹಾಗೆ ಹಲ್ಲು ಕಚ್ಚಿಕೊಂಡು ನಿಂತ. ಅವನ ಹಿಂದೆ ಬರುತ್ತಿದ್ದ ನಾಲ್ಕು ಮಕ್ಕಳೂ ಬ್ಯಾಗು ಹೊತ್ತುಕೊಂಡೇ ಕೈ ಎತ್ತಿದರು. ಐದೂ ಜನ ಹಾಗೇ ಕುಂಟುತ್ತಾ ಸೂಜಿಯ ತಾತನ ಅಂಗಡಿಯ ಮುಂದೆ ಹಾದುಹೋದರು.

"ಏನೋ ಅದು?" ಅಂದಳು ಸೂಜಿ.

"ತಲೆ ಎತ್ತಿ ಬೋರ್ಡ್ ಓದು. ಸ್ಪೆಲ್ಲಿಂಗ್ ಟೀಚರ್ ಅಲ್ವಾ ನೀನು?"

ಸೂಜಿ ತಲೆ ಎತ್ತಿದಳು. ಹುಟ್ಟಿದಾಗಿನಿಂದ ಆ ಬೋರ್ಡಿನ ಕೆಳಗೇ ಓಡಾಡಿದವಳು. ಹಸಿರು ಹಲಗೆ, ಅದರ ತುಂಬ ದಪ್ಪ ಹಳದಿ ಇಂಗ್ಲಿಷ್ ಅಕ್ಷರಗಳು. ಇದ್ದದ್ದು ಒಂದೇ ಪದ, ಎಂಟೇ ಅಕ್ಷರ. ಅದನ್ನು ಯಾವತ್ತೂ ಓದಬೇಕು ಅನ್ನಿಸಿರಲಿಲ್ಲ. ಈಗ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

ಅಪ್‌ಹೋಲ್ಡರ್.

ಸೂಜಿಯ ಕಿವಿ ಬಿಸಿಯಾಯಿತು. ಹೋದ ವಾರವಷ್ಟೇ ಇಂಗ್ಲಿಷ್ ಪುಸ್ತಕದಲ್ಲಿ ಕೆಲಸಗಾರರ ಪಾಠ ಬಂದಿತ್ತು. ಮರದ ಕೆಲಸದವನು ಕಾರ್ಪೆಂಟರ್, ನಲ್ಲಿ ರಿಪೇರಿ ಮಾಡುವವನು ಪ್ಲಂಬರ್. ಸೋಫಾಗೆ ಬಟ್ಟೆ ಬಿಗಿದು ಮೊಳೆ ಹೊಡೆಯುವವನು ಅಪ್‌ಹೋಲ್ಸ್ಟರರ್. ಹನ್ನೊಂದು ಅಕ್ಷರದ ಆ ಪದವನ್ನು ಇಡೀ ಕ್ಲಾಸಿನಲ್ಲಿ ಸರಿಯಾಗಿ ಬರೆದದ್ದು ಅವಳೊಬ್ಬಳೇ. ಅಪ್‌ಹೋಲ್ಡ್ ಅಂದರೆ ಎತ್ತಿ ಹಿಡಿಯುವುದು ಅಂತಲೂ ಅವಳಿಗೆ ಗೊತ್ತು.

ಹಾಗಾದರೆ ತಾತನ ಬೋರ್ಡು ತಪ್ಪು.

ಬನ್ನುಗೆ ಇಷ್ಟು ಸಿಟ್ಟು ಯಾಕೆ ಅಂತಲೂ ಸೂಜಿಗೆ ಗೊತ್ತಿತ್ತು. ನಿನ್ನೆ ಅವನು ಕಪ್ಪುಹಲಗೆಯ ಮೇಲೆ ಬೇಕರ್ ಅನ್ನುವ ಪದವನ್ನು ತಪ್ಪಾಗಿ ಬರೆದಿದ್ದ. ಮಿಸ್ ಬಾಯಿ ತೆಗೆಯುವ ಮೊದಲೇ ಇವಳು, "ಬೇಕರಿ ಮನೆ ಹುಡುಗನಿಗೆ ಬೇಕರ್ ಬರಿಯೋಕೆ ಬರಲ್ಲ" ಅಂದುಬಿಟ್ಟಿದ್ದಳು. ಕ್ಲಾಸೆಲ್ಲ ನಕ್ಕಿತ್ತು. ಆಳು ನೋಡಿದರೆ ಕಡ್ಡಿ, ಮಾತು ಮಾತ್ರ ಚುಚ್ಚುತ್ತದೆ ಅಂತಲೇ ಬೀದಿಯವರೆಲ್ಲ ಅವಳನ್ನು ಸೂಜಿ ಅನ್ನುತ್ತಿದ್ದದ್ದು.

ಅಂಗಡಿಯೊಳಗೆ ತಾತ ನೆಲದ ಮೇಲೆ ಕೂತು, ತಲೆಕೆಳಗಾದ ಕುರ್ಚಿಯೊಂದರ ಹೊಟ್ಟೆಯಿಂದ ಹಳೆಯ ನಾರನ್ನು ಎಳೆಯುತ್ತಿದ್ದರು. ಬಾಯಲ್ಲಿ ನಾಲ್ಕೈದು ಸಣ್ಣ ಮೊಳೆ. ಹಿಂದಿನ ಕೋಣೆಯಲ್ಲಿ ಅಮ್ಮನ ಹೊಲಿಗೆ ಮಿಷನ್ನಿನ ಸದ್ದು.

"ತಾತ, ಹೊರಗಿನ ಬೋರ್ಡ್ ಯಾರು ಬರೆದದ್ದು?"

ತಾತ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡರು. "ನನಗೆ ಕೆಲಸ ಕಲಿಸಿದ ಗುರುಗಳು. ಈ ಅಂಗಡಿ ಮೊದಲು ಅವರದೇ ತಾನೆ? ನಾನು ವರ್ಷಕ್ಕೊಂದು ಸಲ ಅದರ ಮೇಲೇ ಬಣ್ಣ ತೀಡ್ತೀನಿ."

"ಏನು ಬರೆದಿದೆ ಅಂತ ಗೊತ್ತಾ?"

"ನನಗೆಲ್ಲಿ ಇಂಗ್ಲಿಷ್ ಬರುತ್ತೆ? ಕೇಳಿದ್ದಕ್ಕೆ, ನಾವು ಮಾಡೋ ಕೆಲಸದ ಹೆಸರು ಕಣಪ್ಪ ಅಂದಿದ್ರು. ಆಯ್ತಲ್ಲ?"

ಸೂಜಿ ಬ್ಯಾಗು ಕೆಳಗಿಟ್ಟಳು. ತಾತ ಇಷ್ಟು ವರ್ಷ ಒಂದು ತಪ್ಪನ್ನೇ ಚೆಂದ ಮಾಡಿ ತೀಡುತ್ತಾ ಬಂದಿದ್ದಾರೆ. ಅದನ್ನು ಅವರ ಮುಖಕ್ಕೇ ಹೇಳುವುದು ಹೇಗೆ? ಹೇಳುವುದು ಬೇಡ, ಸರಿ ಮಾಡಿಬಿಟ್ಟರಾಯಿತು ಅಂದುಕೊಂಡಳು.

ಭಾನುವಾರ ಬೆಳಿಗ್ಗೆ ತಾತ ರಿಪೇರಿಯಾದ ಸೋಫಾವನ್ನು ಗಾಡಿಗೆ ಹಾಕಿಸಿಕೊಂಡು ಹೋದರು. ಅಮ್ಮ ಹಿಂದಿನ ಕೋಣೆಯಲ್ಲಿ ದಿಂಬಿನ ಕವರು ಹೊಲಿಯುತ್ತಿದ್ದಳು. ಸೂಜಿ ಮೆಲ್ಲಗೆ ಕೆಲಸದ ಬೆಂಚನ್ನು ಬಾಗಿಲ ಹೊರಗೆ ಎಳೆದಳು. ಅಟ್ಟಣಿಗೆಯ ಮೇಲಿದ್ದ ಹಸಿರು ಡಬ್ಬ, ಹಳದಿ ಡಬ್ಬ, ಎರಡು ಬ್ರಷ್ಷು ತಂದಳು. ಬೆಂಚು ಹತ್ತಿ ತುದಿಗಾಲಲ್ಲಿ ನಿಂತರೆ ಬೋರ್ಡು ಕೈಗೆ ಸಿಗುತ್ತಿತ್ತು.

ಮೊದಲು ಡಿ ಅಕ್ಷರದ ಮೇಲೆ ಹಸಿರು ಬಳಿದಳು. ಅದು ಒಂದೇ ಸಲಕ್ಕೆ ಮುಚ್ಚಲಿಲ್ಲ. ಮೂರು ಸಲ ಬಳಿದ ಮೇಲೂ ಅದರ ದುಂಡು ಬೆನ್ನು ಉಬ್ಬಿಕೊಂಡೇ ಇತ್ತು. ಆ ಜಾಗದಲ್ಲಿ ಎಸ್ ಮತ್ತು ಟಿ ಎರಡನ್ನೂ ತುರುಕಿದಳು. ಹಸಿರು ಇನ್ನೂ ಹಸಿಯಾಗಿದ್ದರಿಂದ ಹಳದಿ ಅದರೊಳಗೆ ಕಲೆತು ಪಾಚಿಯ ಬಣ್ಣಕ್ಕೆ ತಿರುಗಿತು. ಕೊನೆಯಲ್ಲಿ ಇನ್ನೆರಡು ಅಕ್ಷರ ಹಿಡಿಸಬೇಕಿತ್ತು. ಜಾಗ ಇದ್ದದ್ದು ನಾಲ್ಕು ಬೆರಳಿನಷ್ಟು. ಇ ಅಕ್ಷರ ಕಡ್ಡಿಯಷ್ಟು ಸಣ್ಣದಾಯಿತು. ಕೊನೆಯ ಆರ್ ಅಂತೂ ಬಸ್ಸಿನ ಬಾಗಿಲಲ್ಲಿ ನೇತಾಡುವವನ ಹಾಗೆ ಹಲಗೆಯ ಅಂಚಿಗೆ ಜೋತುಬಿತ್ತು.

ಬೆಂಚಿನಿಂದ ಇಳಿದು ನೋಡಿದಳು. ಚೆಂದ ಇರಲಿಲ್ಲ. ಆದರೆ ಸ್ಪೆಲ್ಲಿಂಗ್ ಸರಿ ಇತ್ತು.

ಮಿಷನ್ನಿನ ಸದ್ದು ನಿಂತಿತು. ಅಮ್ಮ ಹೆಗಲ ಮೇಲೆ ಟೇಪು ಹಾಕಿಕೊಂಡು ಹೊರಗೆ ಬಂದಳು. ಬೋರ್ಡು ನೋಡಿದಳು, ಮಗಳ ಕೈ ನೋಡಿದಳು.

"ತಾತನ್ನ ಕೇಳಿ ಮಾಡಿದ್ಯಾ?"

"ಸರ್ಪ್ರೈಸ್ ಅಮ್ಮ. ಅದು ತಪ್ಪಿತ್ತು."

"ಕೇಳಿದ್ಯಾ ಅಂದೆ."

ಸೂಜಿ ತಲೆ ತಗ್ಗಿಸಿದಳು. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ತಾತ ಬರುವುದು ಕಾಣಿಸಿತು.

ತಾತ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅವರು ರಸ್ತೆಯಲ್ಲೇ ನಿಂತು, ಬಿಸಿಲಿಗೆ ಅಂಗೈ ಅಡ್ಡ ಹಿಡಿದು, ಬೋರ್ಡನ್ನು ಎಡದಿಂದ ಬಲಕ್ಕೆ ನೋಡಿದರು. ಅವರ ತುಟಿ ಅಲುಗುತ್ತಿತ್ತು.

"ಲಾಳ, ಸೌಟು, ಏಣಿ, ಬಳೆ, ಮೊಳಕೈ..." ಅಂದು ನಿಲ್ಲಿಸಿದರು. "ಹೊಟ್ಟೆಯೆಲ್ಲಿ?"

"ಏನು ಹೊಟ್ಟೆ?"

"ಮೊಳಕೈ ಆದಮೇಲೆ ಹೊಟ್ಟೆ ಇತ್ತಲ್ಲ, ದಪ್ಪದ್ದು. ಆಮೇಲೆ ಬಾಚಣಿಗೆ. ಕೊನೆಗೆ ಕಾಲು ಚಾಚಿಕೊಂಡು ನಿಂತೋನು."

ಸೂಜಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಯು ಅಂದರೆ ಲಾಳ, ಪಿ ಅಂದರೆ ಸೌಟು. ಎಚ್ ಏಣಿ, ಒ ಬಳೆ, ಎಲ್ ಮೊಳಕೈ. ಇಂಗ್ಲಿಷ್ ಓದಲು ಬಾರದ ತಾತ ಎಂಟೂ ಅಕ್ಷರಕ್ಕೆ ಹೆಸರಿಟ್ಟುಕೊಂಡಿದ್ದರು. ಅವಳು ಬಳಿದು ಮುಚ್ಚಿದ್ದು ಹೊಟ್ಟೆಯನ್ನು.

"ಅದು ತಪ್ಪಿತ್ತು ತಾತ. ಪುಸ್ತಕದಲ್ಲಿ ಬೇರೆ ಥರ ಇದೆ. ಹುಡುಗರೆಲ್ಲ ನಗ್ತಿದ್ರು."

"ಓಹೋ," ಅಂದರು ತಾತ. "ನೀನು ಓದಿದವಳು. ತಪ್ಪು ಅಂದ್ರೆ ತಪ್ಪೇ ಇರಬೇಕು." ಬೆಂಚಿನ ಒಂದು ತುದಿ ಹಿಡಿದು, "ಆ ಕಡೆ ಹಿಡ್ಕೊ, ಒಳಗಿಡೋಣ" ಅಂದರು. ಆಮೇಲೆ ಆ ದಿನವೆಲ್ಲ ಬೋರ್ಡಿನ ಮಾತು ಎತ್ತಲಿಲ್ಲ. ಸಂಜೆ ಬಾಗಿಲು ಹಾಕುವಾಗ ಮಾತ್ರ ಅವರು ತಲೆ ಎತ್ತಿ ನೋಡಿ, ಮತ್ತೆ ತಗ್ಗಿಸಿದ್ದನ್ನು ಸೂಜಿ ನೋಡಿದಳು.

ಸೋಮವಾರ ಇಂಗ್ಲಿಷ್ ಕ್ಲಾಸಿನಲ್ಲಿ ಬನ್ನು ಕೈ ಎತ್ತಿದ. "ಮಿಸ್, ಸೂಜಿ ಅವರ ತಾತನ ಬೋರ್ಡಲ್ಲಿ ಮಿಸ್ಟೇಕ್ ಇತ್ತು. ನಾವು ಹೇಳಿದ ಮೇಲೆ ಸರಿ ಮಾಡಿಕೊಂಡಿದಾರೆ."

"ಏನಂತ ಇತ್ತು?" ಅಂದರು ಮಿಸ್.

"ಅಪ್‌ಹೋಲ್ಡರ್ ಅಂತ ಮಿಸ್." ಹಿಂದಿನ ಬೆಂಚಿನಲ್ಲಿ ಎರಡು ಕೈಗಳು ಮೇಲೆದ್ದವು.

ಮಿಸ್ ನಗಲಿಲ್ಲ. ಹುಬ್ಬು ಗಂಟಿಕ್ಕಿ, "ಇರಿ, ಇದನ್ನ ಎಲ್ಲೋ ನೋಡಿದೀನಿ" ಅಂದು ಲೈಬ್ರರಿಗೆ ಹೋದರು. ತಲೆದಿಂಬಿನಷ್ಟು ದಪ್ಪದ, ಬೆನ್ನು ಹರಿದ ಡಿಕ್ಷನರಿ ಹೊತ್ತು ತಂದರು. ಅದನ್ನು ಮೇಜಿನ ಮೇಲಿಟ್ಟು ತುಂಬ ಹೊತ್ತು ಹಾಳೆ ತಿರುಗಿಸಿದರು.

"ಸೂಜಿ, ಬಾ ಇಲ್ಲಿ. ಓದು."

ಸೂಜಿ ಬೆರಳಿಟ್ಟು ಓದಿದಳು. ಅಪ್‌ಹೋಲ್ಡರ್. ಮೊದಲ ಅರ್ಥ, ಎತ್ತಿ ಹಿಡಿಯುವವನು. ಅದರ ಕೆಳಗೆ ಇನ್ನೊಂದು ಅರ್ಥ ಸಣ್ಣ ಅಕ್ಷರದಲ್ಲಿತ್ತು. ಹಳೆಯ ಬಳಕೆ. ಕುರ್ಚಿ, ಮಂಚಗಳಿಗೆ ಮೆತ್ತೆ ಹಾಕಿ ಬಟ್ಟೆ ಹೊದಿಸುವ ಕೆಲಸಗಾರ.

"ಹಾಗಾದ್ರೆ..." ಅಂದಳು ಸೂಜಿ.

"ಬೋರ್ಡಲ್ಲಿ ಏನೂ ತಪ್ಪಿರಲಿಲ್ಲ. ಪದಕ್ಕೆ ವಯಸ್ಸಾಗಿದೆ ಅಷ್ಟೇ," ಅಂದರು ಮಿಸ್. "ನಮ್ಮ ಪುಸ್ತಕದಲ್ಲಿರೋ ದೊಡ್ಡ ಪದ ಇದರಿಂದಲೇ ಬೆಳೆದು ಬಂದಿದ್ದು. ಇದು ಅಜ್ಜಿ, ಅದು ಮೊಮ್ಮಗಳು. ಇಂಥವು ಬೇಕಾದಷ್ಟಿವೆ. ಚಪ್ಪಲಿ, ಬೂಟು ಹೊಲಿಯೋರಿಗೆ ಹಿಂದೆ ಕಾರ್ಡ್‌ವೇನರ್ ಅಂತಿದ್ರು. ನೇಯೋರಿಗೆ ವೆಬ್‌ಸ್ಟರ್. ರೊಟ್ಟಿ ಸುಡೋ ಹೆಂಗಸಿಗೆ ಬ್ಯಾಕ್‌ಸ್ಟರ್."

ಬನ್ನು ನೆಟ್ಟಗೆ ಕೂತ. "ಮಿಸ್, ನಮ್ಮ ಬೇಕರಿಯಲ್ಲಿ ಬೆಳಿಗ್ಗೆ ಬ್ರೆಡ್ ಮಾಡೋದು ಅಮ್ಮನೇ."

"ಹಾಗಾದ್ರೆ ನಿಮ್ಮಮ್ಮ ಬ್ಯಾಕ್‌ಸ್ಟರ್."

ಬನ್ನು ಆ ಪದವನ್ನು ಬಾಯೊಳಗೇ ಎರಡು ಸಲ ಅಂದುಕೊಂಡ. ಸ್ಪೆಲ್ಲಿಂಗ್ ಹೇಳಿ ಅಂತ ಕೇಳಿ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದುಕೊಂಡ. ಸೂಜಿ ಮಾತ್ರ ಡಿಕ್ಷನರಿಯ ಮುಂದೆ ನಿಂತೇ ಇದ್ದಳು. ಸರಿ ಇದ್ದದ್ದನ್ನು ಅವಳೇ ಕೆಡಿಸಿದ್ದಳು. ಅದೂ ತಾತನ ಬ್ರಷ್ಷಿನಿಂದ, ತಾತನ ಬಣ್ಣದಿಂದ, ತಾತನ ಗುರುಗಳು ಬರೆದದ್ದನ್ನು.

ಶಾಲೆ ಬಿಟ್ಟ ಮೇಲೆ ಗೇಟಿನ ಹತ್ತಿರ ಬನ್ನು ಸಿಕ್ಕಿದ. ಅವನು ಬಾಯಿ ತೆಗೆಯುವ ಮೊದಲೇ ಅವಳು ಹೇಳಿದಳು. "ಬೇಕರ್ ವಿಷಯಕ್ಕೆ ಸಾರಿ. ಹಾಗೆ ಹೇಳಬಾರದಿತ್ತು."

ಬನ್ನು ಬ್ಯಾಗಿನ ಪಟ್ಟಿ ಎಳೆದುಕೊಂಡ. "ನಾನೂ ಕೈ ಎತ್ತಬಾರದಿತ್ತು." ಸ್ವಲ್ಪ ದೂರ ನಡೆದ ಮೇಲೆ, "ತಾತ ಬೈತಾರಾ?" ಅಂದ.

"ಬೈಯಲ್ಲ. ಅದೇ ಕಷ್ಟ."

ತಾತ ಸುತ್ತಿಗೆ ಕೆಳಗಿಟ್ಟು ಪೂರ್ತಿ ಕೇಳಿದರು. ಡಿಕ್ಷನರಿ, ಸಣ್ಣ ಅಕ್ಷರ, ಅಜ್ಜಿ, ಮೊಮ್ಮಗಳು, ಎಲ್ಲ. ಸೂಜಿ ಅಳದೆ ಹೇಳಬೇಕು ಅಂದುಕೊಂಡಿದ್ದಳು. ಕೊನೆಗೆ ಬಂದಾಗ ದನಿ ನಡುಗಿತು.

"ನಾನು ಕೇಳಬೇಕಿತ್ತು ತಾತ."

"ಕೇಳಿದ್ರೂ ನನಗೇನು ಗೊತ್ತಿತ್ತು, ಹೇಳು?" ತಾತ ಮೆಲ್ಲಗೆ ನಕ್ಕರು. "ಆದ್ರೂ ಕೇಳಿದ್ದಿದ್ರೆ, ಒಂದು ದಿನ ತಡಿ, ಯಾರನ್ನಾದ್ರೂ ವಿಚಾರಿಸೋಣ ಅಂತಿದ್ದೆ." ಆಮೇಲೆ ಕೇಳಿದರು. "ಹಾಗಾದ್ರೆ ಗುರುಗಳು ಬರೆದದ್ದು ಸರಿಯಾಗೇ ಇತ್ತು ಅನ್ನು."

"ಪೂರ್ತಿ ಸರಿ."

"ಹೂಂ," ಅಂದರು ತಾತ. ಹಾಗನ್ನುವಾಗ ಅವರ ಮುಖ ಅಗಲವಾಯಿತು. "ಹೋಗು, ಸೀಮೆಎಣ್ಣೆ ಬಾಟ್ಲಿ ತಗೊಂಬಾ. ಬಣ್ಣ ಪೂರ್ತಿ ಗಟ್ಟಿಯಾಗೋಕೆ ಮೊದಲು ಒರೆಸಬೇಕು."

ಒರೆಸುವುದಕ್ಕೇ ಎರಡು ಸಂಜೆ ಹಿಡಿಯಿತು. ಸೂಜಿ ಹಳೆಯ ಬಟ್ಟೆಯಿಂದ ಉಜ್ಜಿ ಉಜ್ಜಿ ಬೆರಳೆಲ್ಲ ಹಸಿರಾದವು. ಎರಡನೆಯ ಸಂಜೆ ಬನ್ನು ಬಂದು, ಯಾರೂ ಕರೆಯದಿದ್ದರೂ ಬೆಂಚಿನ ಕಾಲು ಗಟ್ಟಿಯಾಗಿ ಹಿಡಿದುಕೊಂಡು ನಿಂತ. ಹೊಸ ಬಣ್ಣ ಒರೆಸುವಾಗ ಹಳೆಯ ಡಿ ಕೂಡ ಅರ್ಧ ಅಳಿಸಿಹೋಯಿತು. ಸೂಜಿ ಗಾಬರಿಯಾಗಿ ತಾತನ ಮುಖ ನೋಡಿದಳು.

"ಹೋದ್ರೆ ಹೋಗಲಿ. ಕೈಗೆ ಗೊತ್ತಿದೆ," ಅಂದರು ತಾತ.

ಮೂರನೆಯ ಸಂಜೆ ಬನ್ನು ಮತ್ತೆ ಬೆಂಚಿನ ಕಾಲು ಹಿಡಿದ, ತಾತನೇ ಬೆಂಚು ಹತ್ತಿದರು. ಬ್ರಷ್ಷನ್ನು ಹಳದಿಯಲ್ಲಿ ಅದ್ದಿ, ಡಬ್ಬದ ಅಂಚಿಗೆ ಒತ್ತಿ ಹಿಂಡಿದರು. ಮೇಲಿನಿಂದ ಒಂದು ನೇರ ಗೆರೆ. ಆಮೇಲೆ ಉಸಿರು ಹಿಡಿದು, ಬ್ರಷ್ಷು ಎತ್ತದೆ, ದುಂಡಗೆ ಒಂದೇ ಎಳೆತ. ಹೊಟ್ಟೆ ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತು. ಇಂಗ್ಲಿಷ್ ಓದಲು ಬಾರದವರ ಕೈಯಲ್ಲಿ ಅಕ್ಷರ ಅಷ್ಟು ದುಂಡಗೆ ಬರುತ್ತದೆ ಅಂತ ಸೂಜಿ ಅಂದುಕೊಂಡೇ ಇರಲಿಲ್ಲ. ಸ್ಪೆಲ್ಲಿಂಗ್ ಟೆಸ್ಟಿನಲ್ಲಿ ಹತ್ತಕ್ಕೆ ಹತ್ತು ತೆಗೆಯುವ ಅವಳ ಡಿ ಒಮ್ಮೆಯೂ ಹಾಗೆ ನಿಂತದ್ದಿಲ್ಲ.

ತಾತ ಇಳಿದು ಕೈ ತೊಳೆಯಲು ಹಿತ್ತಲಿಗೆ ಹೋದರು. ಬನ್ನು ಮನೆಗೆ ಹೊರಟ. ಸೂಜಿ ಡಬ್ಬಗಳ ಮುಚ್ಚಳ ಹಾಕುತ್ತಿದ್ದಾಗ ಒಬ್ಬ ಹೆಂಗಸು ಒಂದು ಮರದ ಕುರ್ಚಿಯನ್ನು ಸೊಂಟಕ್ಕೆ ಆನಿಸಿಕೊಂಡು ಬಂದರು. ಮೇಲೆ ಬಣ್ಣ ಹಸಿಯಿದೆ ಅಂತ ಗೊತ್ತಿಲ್ಲದೆ, ಬೋರ್ಡಿನ ಕಡೆ ನೋಡದೆ, ನೇರ ಒಳಗೆ ಬಂದು ಕುರ್ಚಿ ಕೆಳಗಿಟ್ಟರು.

"ತಾತ ಇಲ್ವಾ ಮರಿ? ಇದರ ಬಟ್ಟೆ ಹರಿದಿದೆ."

ಸೂಜಿ ಕುರ್ಚಿಯ ಸುತ್ತ ಒಂದು ಸುತ್ತು ಬಂದಳು. ಬಟ್ಟೆ ಮೂಲೆಯಲ್ಲಿ ಹರಿದು ನಾರು ಇಣುಕುತ್ತಿತ್ತು. ಅದಷ್ಟೇ ಅಲ್ಲ, ಸೀಟು ಎಡಗಡೆಗೆ ಇಳಿಜಾರಾಗಿತ್ತು. ಒಂದು ಕಡೆ ಎರಡು ಬೆರಳಷ್ಟು ತಗ್ಗು. ಯಾರು ನೋಡಿದರೂ ಹೇಳುವಂಥ ಓರೆ.

ಅಯ್ಯೋ, ಇದನ್ನ ಯಾರು ಹೀಗೆ ತುಂಬಿದ್ದು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು. ತಗ್ಗಿನ ಮೇಲೆ ಅಂಗೈ ಇಟ್ಟು ಒತ್ತಿ ನೋಡಿದಳು. ಅಲ್ಲೂ ಗಟ್ಟಿಯಾಗಿಯೇ ಇತ್ತು.

"ಇದು ಓರೆ ಇದೆಯಲ್ಲ ಆಂಟಿ. ಹೀಗೇ ಇರಬೇಕಾ, ಸರಿ ಮಾಡಬೇಕಾ?"

"ಅಯ್ಯೋ, ಹೀಗೇ ಇರಲಿ," ಅಂದರು ಆ ಹೆಂಗಸು. "ನಮ್ಮ ಅತ್ತೆಗೆ ಎಡಗಾಲು ಮಡಚೋಕೆ ಆಗಲ್ಲ. ನಿಮ್ಮ ತಾತನೇ ಅವರನ್ನ ಕೂರಿಸಿ, ಅಳತೆ ನೋಡಿ ಹಾಗೆ ಮಾಡಿಕೊಟ್ಟಿದ್ದು. ನೀನು ಕೇಳಿದ್ದು ಒಳ್ಳೇದಾಯ್ತು. ನಾನು ಹೇಳೋಕೇ ಮರೆತಿದ್ದೆ."

ಅವರು ಹೋದ ಮೇಲೆ ಸೂಜಿ ಒಂದು ಚೀಟಿ ಹರಿದಳು. 'ಬಟ್ಟೆ ಮಾತ್ರ. ಓರೆ ಹಾಗೇ ಇರಲಿ' ಅಂತ ಬರೆದಳು. ತಾತ ಓದಲೆಂದು ಕನ್ನಡದಲ್ಲೇ, ದೊಡ್ಡ ಅಕ್ಷರದಲ್ಲಿ ಬರೆದಳು. ಹುರಿಯ ತುಂಡೊಂದನ್ನು ಹುಡುಕಿ ಚೀಟಿಯನ್ನು ಕುರ್ಚಿಯ ಕಾಲಿಗೆ ಕಟ್ಟಿದಳು. ಗಂಟು ಬಿಗಿಯಾಗಿದೆಯೋ ಇಲ್ಲವೋ ಅಂತ ಎರಡು ಸಲ ಎಳೆದು ನೋಡಿದಳು.