ಒರೆಸಿ ಒರೆಸಿ ಪಳಗಿದ ಕೈ

ಹನ್ನೊಂದು ಜನ ಬರೆದ ದೂರುಗಳನ್ನು ಯಾರೋ ಅಳಿಸಿಹಾಕಿದ್ದರು.

ಬೆಳಿಗ್ಗೆ ಹತ್ತಕ್ಕೆ ಅದನ್ನು ಕಂಡವಳು ಅಲ್ಪವಿರಾಮ. ಸಂಘದ ತಂತ್ರಾಂಶಕ್ಕೆ ಕೈಪಿಡಿ ಬರೆಯುವವಳು. ಸಿಕ್ಕವರ ಬರಹಕ್ಕೆಲ್ಲ ಅಲ್ಪವಿರಾಮ ತುರುಕಿ ತುರುಕಿ ಆ ಹೆಸರು ಅಂಟಿಸಿಕೊಂಡಿದ್ದಳು. ದೂರುಗಳನ್ನು ಕಾಯುವ ಕೆಲಸವೂ ಅವಳ ಕೊರಳಿಗೇ ಬಿದ್ದಿತ್ತು.

ಮಧ್ಯಾಹ್ನ ಮೂರಕ್ಕೆ ಮಹಾಸಭೆ, ಹೊಸ ಅಧ್ಯಕ್ಷರ ಆಯ್ಕೆ. ಮತದಾನಕ್ಕೆ ಮೊದಲು ಆ ಹನ್ನೊಂದನ್ನೂ ಸಭೆಗೆ ಓದಿ ಹೇಳುತ್ತೇನೆಂದು ಬರೆದವರಿಗೆ ಅವಳು ಮಾತು ಕೊಟ್ಟಿದ್ದಳು. ಆ ಮಾತನ್ನು ನಂಬಿಯೇ ಅವರು ತಮ್ಮ ಹಳೆಯ ದೂರು ಬಯಲಾಗಲು ಒಪ್ಪಿದ್ದರು.

ಆ ಹನ್ನೊಂದೂ ಒಬ್ಬರ ಮೇಲೆ. ಸಂಘ ಕಟ್ಟಿದವರು, ಎಲ್ಲರ ಬಾಯಲ್ಲೂ ದೊಡ್ಡಪ್ಪ. ತಂತ್ರಾಂಶ ಯಾರಪ್ಪನ ಮನೆಯ ಗಂಟೂ ಅಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಲಿ, ತಿದ್ದಲಿ, ಹಂಚಲಿ ಎಂದು ಇಪ್ಪತ್ತೆರಡು ವರ್ಷ ಗಂಟಲು ಹರಿದುಕೊಂಡವರು. ಅದೇ ಗಂಟಲಲ್ಲಿ, ಕಲಿಯಲು ಬಂದವರು ನಾಲ್ಕು ಜನರೆದುರು ಕಣ್ಣೀರು ಹಾಕುವ ತನಕ ಬೈದವರು. ಎದುರಾಡಿದವರ ಹೆಸರನ್ನು ಅವರೇ ದುಡಿದ ತಂತ್ರಾಂಶದಿಂದ ಕಿತ್ತುಹಾಕಿದವರು.

ಸಂಘದಲ್ಲಿ ಉಳಿದೆಲ್ಲಕ್ಕೂ ಮೂರು ಮೂರು ಪ್ರತಿ. ದೂರಿನಂಥ ಗುಟ್ಟಿನ ಕಾಗದಗಳಿಗೆ ಪ್ರತಿ ಬೇಡ ಎಂದು ಕಾರ್ಯದರ್ಶಿ ಹಿಂದೆಯೇ ಠರಾವು ಮಾಡಿಸಿದ್ದರು. ಹಾಗಾಗಿ ಹೋದದ್ದು ಹೋದಂತೆಯೇ.

* * *

ಯಂತ್ರಗಳಿದ್ದದ್ದು ಬಚ್ಚಲಿನ ಪಕ್ಕದ ಇಕ್ಕಟ್ಟು ಕೋಣೆಯಲ್ಲಿ. ಅವುಗಳನ್ನು ನೋಡಿಕೊಳ್ಳುವವನಿಗೆ ಫ್ಯೂಸ್ ಎಂದು ಹೆಸರು. ಯಾವ ಬೀಗವೂ ಅವನಿಗೆ ಬೀಗವಲ್ಲ. ದೊಡ್ಡಪ್ಪ ಹಾಕಿದ ಗೆರೆ ದಾಟದವನು ಬೇರೆ. ಅಲ್ಪವಿರಾಮಳ ಅನುಮಾನ ಮೊದಲು ಅವನ ಮೇಲೇ ಹೋಯಿತು. ಅವಳ ಮುಖ ನೋಡಿಯೇ ಅವನಿಗೆ ಅರ್ಥವಾಯಿತು.

"ನಾನು ಮಾಡಿದ್ರೆ ಇಷ್ಟು ಗುರುತೂ ನಿಂಗೆ ಸಿಕ್ತಿರ್ಲಿಲ್ಲ ಅಕ್ಕಾ" ಎಂದು ಪರದೆ ತಿರುಗಿಸಿದ.

ನಿನ್ನೆ ಮಧ್ಯಾಹ್ನ ಒಂದೂ ಇಪ್ಪತ್ತು. ಅಳಿಸಲು ಬಳಸಿದ ಖಾತೆ ದೊಡ್ಡಪ್ಪನದು.

ಬೆನ್ನ ಹಿಂದೆಯೇ ಕಾರ್ಯದರ್ಶಿ ಬಂದು ನಿಂತಿದ್ದರು. ಮೆದು ಮಾತಿನ ಮನುಷ್ಯ. ಅಧ್ಯಕ್ಷಗಿರಿಗೆ ನಿಂತಿರುವವರು. ದೊಡ್ಡಪ್ಪನ ಕಾಲ ಮುಗಿಯಿತು, ಇನ್ನು ಮರ್ಯಾದೆಯ ಕಾಲ ಎಂದು ಊರೆಲ್ಲ ಹೇಳಿಕೊಂಡು ಬಂದವರು. ತನಗೆ ಅನುಮಾನವಿತ್ತೆಂದು ನಿಟ್ಟುಸಿರು ಬಿಟ್ಟರು. ಅಳಿಸಿದ್ದು ದೊಡ್ಡಪ್ಪನೇ ಎಂದು ಸಭೆಗೆ ಹೇಳಿಬಿಡು, ಅಷ್ಟೇ ಸಾಕು ಎಂದು ಅವಳ ಹೆಗಲು ತಟ್ಟಿದರು.

ಹೊಂದುತ್ತದೆ, ಎಲ್ಲವೂ ಹೊಂದುತ್ತದೆ ಅಂದುಕೊಂಡಳು. ಇಷ್ಟು ಚೆನ್ನಾಗಿ ಹೊಂದುವುದೇ ಅವಳಿಗೆ ಸೇರಲಿಲ್ಲ.

* * *

ಕಡತವನ್ನು ಮತ್ತೊಮ್ಮೆ ತೆರೆದಳು. ಕೈಪಿಡಿ ತಿದ್ದುವವರ ಕಣ್ಣು ಬರೆದದ್ದಕ್ಕಿಂತ ಅದನ್ನು ಜೋಡಿಸಿದ ಬಗೆಯನ್ನು ಮೊದಲು ನೋಡುತ್ತದೆ.

ಸಂಘಕ್ಕೆ ಬಂದ ದೂರುಗಳು ಒಟ್ಟು ನಲವತ್ತೆರಡು. ಹನ್ನೊಂದು ಹೋದರೆ ಪಟ್ಟಿಯಲ್ಲಿ ಹನ್ನೊಂದು ತೂತು ಬೀಳಬೇಕು. ಬಿದ್ದಿರಲಿಲ್ಲ. ಒಂದರಿಂದ ಮೂವತ್ತೊಂದರವರೆಗೆ ಹೊಸದಾಗಿ ಕ್ರಮಸಂಖ್ಯೆ ಹಾಕಿತ್ತು. ಸಂಘದ ಪುಟದಲ್ಲಿ ಒಟ್ಟು ಲೆಕ್ಕ ತಿದ್ದಿತ್ತು. ಕೆಳಗೆ ತಿದ್ದಿದ ತಾರೀಕು ಕೂಡ.

ಅಲ್ಪವಿರಾಮ ಕುರ್ಚಿಗೆ ಒರಗಿದಳು. ದೊಡ್ಡಪ್ಪ ಕುಡಿದ ಲೋಟ ಕುಡಿದಲ್ಲೇ ಒಣಗುತ್ತದೆ. ಬರೆದ ಸಾಲು ಅರ್ಧಕ್ಕೇ ನಿಲ್ಲುತ್ತದೆ. ಪಟ್ಟಿ, ಕ್ರಮಸಂಖ್ಯೆ, ತಾರೀಕು ಎಂಬ ಚಾಕರಿಯನ್ನೆಲ್ಲ ಮಾಡುತ್ತ ಇಪ್ಪತ್ತೆರಡು ವರ್ಷದಿಂದ ಅವರ ಹಿಂದೆ ಹಿಂದೆಯೇ ನಡೆದು ಒರೆಸಿಕೊಂಡು ಬಂದದ್ದು ಒಂದೇ ಕೈ.

* * *

ಎರಡೂವರೆಗೆ ದೊಡ್ಡಪ್ಪನ ಕೋಣೆಗೆ ಹೋದಳು. ಕಾರ್ಯದರ್ಶಿಯನ್ನೂ ಕರೆದಿದ್ದಳು. ದೊಡ್ಡಪ್ಪ ಬಿಚ್ಚಿಟ್ಟ ಕೀಲಿಮಣೆಯಿಂದ ಧೂಳು ಊದುತ್ತಿದ್ದರು.

ದೂರು ಅಳಿಸಿ ಪಟ್ಟಿ ತಿದ್ದಿದ್ದು ನೀವೇನಾ ಎಂದು ನೇರ ಕೇಳಿದಳು.

"ಯಾವ ಪಟ್ಟಿ?"

ನಾಟಕವಾಡುವ ಮುಖವಾಗಿರಲಿಲ್ಲ ಅದು. ಪಟ್ಟಿ ಎಂಬುದೊಂದು ಇದೆಯೆಂದೇ ಅವರಿಗೆ ಗೊತ್ತಿರಲಿಲ್ಲ.

"ನಾನ್ಯಾಕೆ ಅಳಿಸ್ಲಿ? ಬೈದಿದ್ದೀನಿ. ಬೈಸ್ಕೊಳ್ಳೋ ಕೆಲಸ ಮಾಡಿದ್ರು, ಬೈದೆ. ಓದ್ಕೊಳ್ಲಿ."

ಅವಳು ಕಾರ್ಯದರ್ಶಿಯ ಕಡೆ ತಿರುಗಿದಳು. ದೊಡ್ಡಪ್ಪನಿಗೆ ತನ್ನ ಗುಪ್ತಪದ ಒಂದು ದಿನವೂ ನೆನಪಿರುವುದಿಲ್ಲ. ಅದಿರುವುದು ನಿಮ್ಮ ಜೇಬಿನ ಪುಸ್ತಕದಲ್ಲಿ ಎಂದಳು. ಪ್ರತಿ ಇಡಬೇಡಿ ಎಂದವರೂ ನೀವೇ. ಇನ್ನು ಕಾರಣ. ಒಂದೊಂದು ದೂರಿನ ಕೆಳಗೂ ಒಂದು ಸಾಲಿನ ಉತ್ತರವಿತ್ತು, ಚಳವಳಿಯ ಹಿತಕ್ಕಾಗಿ ಸ್ವಲ್ಪ ಸಹಿಸಿಕೊಳ್ಳಿ ಎಂದು. ಹನ್ನೊಂದು ಸಲ. ಸಹಿ ನಿಮ್ಮದು. ಅವಳೂ ಅದನ್ನು ಓದಿದ್ದಳು. ಮೇಲಿನ ಬೈಗುಳವೇ ಕಣ್ಣಿಗೆ ರಾಚಿ, ಕೆಳಗಿನ ಸಾಲನ್ನು ಹಾಗೇ ದಾಟಿದ್ದಳು. ಆ ನಾಚಿಕೆ ಅವಳ ದನಿಯಲ್ಲಿತ್ತು.

"ದೊಡ್ಡಪ್ಪನ ಖಾತೆಯಿಂದ ಅಳಿಸಿದ್ರೆ ಇವರ ಹೆಸರು ಕೆಡತ್ತೆ, ನಿಮ್ಮ ಸಹಿ ಮುಚ್ಚಿಹೋಗತ್ತೆ. ಆದ್ರೆ ಅಣ್ಣಾ, ಹೊಲಸು ಮಾಡಿ ಹಾಗೇ ಬಿಟ್ಟು ಹೋಗೋದು ನಿಮ್ಮ ಕೈಗೆ ಬರಲ್ಲ. ಸಾಲು ಸರಿ ಮಾಡಿಟ್ಟು ಹೋಗಿದ್ದೀರಿ."

ಕಾರ್ಯದರ್ಶಿ ಅಲ್ಲಗಳೆಯಲಿಲ್ಲ. ಅಂಗಿಯ ತೋಳು ಎಳೆದು ಸರಿಮಾಡಿಕೊಂಡರು. ಆಗ ಸಂಘ ಉಳಿಯಬೇಕಿತ್ತು, ಈಗಲೂ ಉಳಿಯಬೇಕು ಎಂದರು.

ದೊಡ್ಡಪ್ಪ ಕೀಲಿಮಣೆಯನ್ನು ಪಕ್ಕಕ್ಕೆ ಸರಿಸಿದರು. ಅವರ ಸಿಟ್ಟು ಸಿಡಿಯುತ್ತದೆಂದು ಅವಳು ಕಾದಳು. ಸಿಡಿಯಲಿಲ್ಲ. ಇವನು ಅಳಿಸಿದ್ದನ್ನು ಹೊರಗೆ ಹೇಳಬೇಡ, ಸಂಘ ಎರಡು ಹೋಳಾಗುತ್ತದೆ ಎಂದರು ದೊಡ್ಡಪ್ಪನೇ, ತಗ್ಗಿದ ದನಿಯಲ್ಲಿ. ಬೇರೆ ಯಾವ ಮಾತಿಗೂ ಒಂದಾಗದ ಇಬ್ಬರು ಆ ಒಂದು ಮಾತಿಗೆ ಒಂದಾಗಿದ್ದರು.

ಅಷ್ಟರಲ್ಲಿ ಫ್ಯೂಸ್ ಇಣುಕಿದ. ದೂರು ಕೊಟ್ಟವರು ಬರತೊಡಗಿದ್ದಾರೆ, ಏಳು ಜನ ಮೆಟ್ಟಿಲ ಮೇಲಿದ್ದಾರೆ ಎಂದ. ಮಧ್ಯಾಹ್ನವೆಲ್ಲ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿದ್ದವಳು ಅಲ್ಪವಿರಾಮ. ಕಾಗದ ಹೋಯಿತು, ನೀವೇ ಬಂದು ಹೇಳಿ ಎಂದಿದ್ದಳು.

ಕಾರ್ಯದರ್ಶಿ ಎದ್ದು ನಿಂತರು.

"ನೋಡು ತಾಯಿ, ಡಿಸ್ಕ್ ಕೆಟ್ಟುಹೋಯ್ತು ಅನ್ನು. ಮತ ಮುಗಿಯೋವರೆಗೆ ಅವರನ್ನ ಕೆಳಗೇ ಕೂರಿಸು. ನಾನು ಅಧ್ಯಕ್ಷ ಆದ್ಮೇಲೆ ಎಲ್ಲಾ ಸರಿ ಮಾಡ್ತೀನಿ."

ದೊಡ್ಡಪ್ಪನೂ ತಲೆಯಾಡಿಸಿದರು.

"ಇಲ್ಲ," ಎಂದಳು ಅಲ್ಪವಿರಾಮ. "ಕೂರಿಸಲ್ಲ."